ಶಾಲೆಗೆ ಹೋಗಲೊಲ್ಲದ ಮಗು: ತಾಯಿತಂದೆಗಳು ತಿಳಿದಿರಬೇಕಾದ ಕೆಲವು ಮಾತುಗಳು

ಜೂನ್ ತಿಂಗಳ ನಡುವಿನಲ್ಲಿ ಮಳೆಯ ಜೊತೆಗೇ ನಮ್ಮ ಶಾಲೆಗಳ ಬಾಗಿಲುಗಳೂ ತೆರೆಯುತ್ತವೆ. ಥಾಣೆಯಿಂದ ಕಲ್ಯಾಣದವರೆಗೆ, ಐರೋಲಿಯಿಂದ ನೆರೂಳಿನವರೆಗೆ, ಕೊಡೆ ಹಿಡಿದ ಮಕ್ಕಳ ಸಾಲು ಬೀದಿಗಳನ್ನು ತುಂಬುತ್ತದೆ. ಹೊಸ ಪುಸ್ತಕಕ್ಕೆ ರಟ್ಟು ಹಾಕುವ, ಹೊಸ ಸಮವಸ್ತ್ರಕ್ಕೆ ಗುಂಡಿ ಹೊಲಿಯುವ ಸಂಭ್ರಮ ಎಷ್ಟೋ ಬಿಡಾರಗಳಲ್ಲಿ ಕಾಣುತ್ತದೆ. ಆದರೆ ಕೆಲವು ಮನೆಗಳಲ್ಲಿ ಇದೇ ಬೆಳಗು ಬೇರೆ ರೂಪದಲ್ಲಿ ಬರುತ್ತದೆ. ರಾತ್ರಿ ನಗುತ್ತ ಮಲಗಿದ ಮಗು ಬೆಳಿಗ್ಗೆ ಹೊಟ್ಟೆ ನೋವೆಂದು ಮುದುಡಿಕೊಳ್ಳುತ್ತದೆ. ತಲೆ ಸುತ್ತುತ್ತದೆಂದು ಹೇಳುತ್ತದೆ, ತಿಂದುದನ್ನು ಕಾರಿಕೊಳ್ಳುತ್ತದೆ, ಬಾಗಿಲ ಚೌಕಟ್ಟನ್ನು ಹಿಡಿದು ಬಿಡಲೊಲ್ಲದು. ಹತ್ತು ಗಂಟೆಯಾಗಿ ಶಾಲೆಯ ಹೊತ್ತು ಮೀರಿತೆಂದರೆ ನೋವು ಇಳಿಯುತ್ತದೆ. ಆದಿತ್ಯವಾರ ಅದರ ಸುಳಿವೇ ಇರುವುದಿಲ್ಲ. ಸೋಮವಾರ ಮತ್ತೆ ಅದೇ ಕಥೆ.

ಇದನ್ನು ಕಂಡ ನೆರೆಹೊರೆಯವರು ಒಂದೇ ಮಾತಿನಲ್ಲಿ ತೀರ್ಪು ಕೊಡುವುದುಂಟು: 'ನಾಟಕ'. ಊರಿನಿಂದ ಬಂದ ಹಿರಿಯರು, ಎರಡು ಏಟು ಬಿದ್ದರೆ ಸರಿಹೋದೀತು ಎನ್ನುವರು. ಮಗುವಿನ ತಾಯಿ ಮಾತ್ರ, ನೋವು ನಿಜವೋ ಸುಳ್ಳೋ ತಿಳಿಯದೆ, ಯಾರನ್ನು ಕೇಳಬೇಕೆಂಬುದೂ ತೋಚದೆ ಒಳಗೊಳಗೇ ಬೇಯುತ್ತಾಳೆ. ಅಂತಹ ಮನೆಗಳನ್ನು ಉದ್ದೇಶಿಸಿ, ಹಾಗೂ ಅಂತಹ ಮನೆಗಳ ನೆರೆಯಲ್ಲಿರುವ ಬಂಧುಗಳನ್ನು ಉದ್ದೇಶಿಸಿ ಈ ಲೇಖನವನ್ನು ಬರೆಯಲಾಗಿದೆ.

ಇದು ಸೋಮಾರಿತನವಲ್ಲ

ಶಾಲೆ ತಪ್ಪಿಸುವ ಮಕ್ಕಳಲ್ಲಿ ಎರಡು ಬಗೆ. ಮನೆಯಿಂದ ಶಾಲೆಗೆಂದು ಹೊರಟು, ತಾಯಿತಂದೆಗಳಿಗೆ ತಿಳಿಯದಂತೆ ಸ್ಟೇಶನ್ನಿನಲ್ಲಿಯೋ ಆಟದ ಬಯಲಿನಲ್ಲಿಯೋ ಹೊತ್ತು ಕಳೆಯುವ ಹುಡುಗರದು ಒಂದು ಬಗೆ. ಎರಡನೆಯ ಬಗೆಯ ಮಗು ಯಾವುದನ್ನೂ ಮರೆಮಾಚುವುದಿಲ್ಲ. ಅದು ಮನೆಯಲ್ಲಿಯೇ ಉಳಿಯುತ್ತದೆ. ತಾನು ಹೋಗಲಾರೆನೆಂದು ಅಳುತ್ತ ಹೇಳುತ್ತದೆ. ಅನೇಕ ವೇಳೆ ಇಂಥ ಮಗು ಪಾಠದಲ್ಲಿ ಹಿಂದೆ ಬಿದ್ದುದಾಗಿರುವುದಿಲ್ಲ. ಓದಬೇಕೆಂಬ ಆಸೆ ಅದಕ್ಕೆ ಪೂರ್ಣವಾಗಿ ಇರುತ್ತದೆ. ಶಾಲೆಗೆ ಹೊರಡುವ ಹೊತ್ತಿಗೆ ಅದನ್ನು ಹಿಡಿಯುವ ಭೀತಿ ಮಾತ್ರ ಆಸೆಗಿಂತ ಬಲವಾಗಿರುತ್ತದೆ.

ವೈದ್ಯಶಾಸ್ತ್ರಕ್ಕೆ ಇದು ಹೊಸ ಸಂಗತಿಯಲ್ಲ. ಅಮೆರಿಕದ ಅಡಿಲೇಡ್ ಜಾನ್ಸನ್ ಎಂಬ ವೈದ್ಯೆಯೂ ಅವರ ಸಹೋದ್ಯೋಗಿಗಳೂ 1941ರಲ್ಲಿ ಇದಕ್ಕೆ 'ಶಾಲಾಭೀತಿ' ಎಂಬರ್ಥದ ಹೆಸರಿಟ್ಟರು. ಮುಂದೆ ತಜ್ಞರು, ಎಲ್ಲ ಮಕ್ಕಳಿಗೂ ಶಾಲೆಯೇ ಭಯದ ಮೂಲವಲ್ಲವೆಂದು ಕಂಡುಕೊಂಡು 'ಶಾಲಾ ನಿರಾಕರಣೆ' ಎಂಬ ಪದವನ್ನು ರೂಢಿಗೆ ತಂದರು. ಶಾಲೆಗೆ ಹೋಗುವ ನೂರು ಮಕ್ಕಳಲ್ಲಿ ಒಂದರಿಂದ ಐದು ಮಕ್ಕಳಿಗೆ ಒಂದಿಲ್ಲೊಂದು ಕಾಲಕ್ಕೆ ಈ ತೊಂದರೆ ಬರುತ್ತದೆಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಮೊದಲ ಬಾರಿ ಶಾಲೆಗೆ ಸೇರುವ ಐದಾರು ವರ್ಷದ ವಯಸ್ಸು, ಹತ್ತು ಹನ್ನೊಂದರ ವಯಸ್ಸು, ಪ್ರಾಥಮಿಕದಿಂದ ಮಾಧ್ಯಮಿಕ ಶಾಲೆಗೆ ದಾಟುವ ಕಾಲ, ದೀರ್ಘ ರಜೆ ಅಥವಾ ಕಾಯಿಲೆಯ ನಂತರದ ದಿನಗಳು, ಇವು ವಿಶೇಷವಾಗಿ ಎಚ್ಚರದಿಂದಿರಬೇಕಾದ ಸಮಯಗಳು. ಶಿಸ್ತಿಗೆ ಹೆಸರಾದ ಜಪಾನ್ ದೇಶದಲ್ಲಿಯೂ, 2023ನೆಯ ಶೈಕ್ಷಣಿಕ ವರ್ಷದಲ್ಲಿ, ರೋಗ ಬಡತನಗಳ ಕಾರಣವಿಲ್ಲದೆ 30 ದಿನಗಳು ಅಥವಾ ಅದಕ್ಕಿಂತ ಹೆಚ್ಚು ಶಾಲೆ ತಪ್ಪಿಸಿದ ಪ್ರಾಥಮಿಕ ಮತ್ತು ಕಿರಿಯ ಮಾಧ್ಯಮಿಕ ಶಾಲೆಗಳ ಮಕ್ಕಳ ಸಂಖ್ಯೆ 3 ಲಕ್ಷ 46 ಸಾವಿರವನ್ನು ಮೀರಿತ್ತು. ಆದುದರಿಂದ, ಇದು ತಮ್ಮ ಮನೆಗೊಬ್ಬರಿಗೇ ಬಂದ ಅಪಕೀರ್ತಿಯೆಂದು ಯಾವ ತಾಯಿಯೂ ತಲೆ ತಗ್ಗಿಸಬೇಕಾಗಿಲ್ಲ.

ಇನ್ನು, ಮಗುವಿನ ಹೊಟ್ಟೆನೋವು ಸುಳ್ಳೇ? ಅಲ್ಲ. ಭಯಗೊಂಡ ದೇಹದಲ್ಲಿ ಎದೆಬಡಿತ ಏರುತ್ತದೆ, ಹೊಟ್ಟೆ ಕಿವುಚುತ್ತದೆ, ಕೈಕಾಲು ತಣ್ಣಗಾಗುತ್ತವೆ. ದೊಡ್ಡ ಸಾಹೇಬರು ಕೋಣೆಗೆ ಕರೆಸಿದಾಗ ಗುಮಾಸ್ತನ ಹೊಟ್ಟೆಯಲ್ಲಿ ಏನಾಗುವುದೋ ಅದೇ ಮಗುವಿಗೂ ಆಗುತ್ತದೆ. ನೋವು ನಿಜ; ಅದರ ಬೇರು ಮಾತ್ರ ಹೊಟ್ಟೆಯಲ್ಲಿಲ್ಲ.

ನಮ್ಮ ಬಿಡಾರಗಳಲ್ಲಿ ಕಾಣುವ ಕಾರಣಗಳು

ತಜ್ಞರು ಕಾರಣಗಳನ್ನು ನಾಲ್ಕು ಗುಂಪು ಮಾಡಿದ್ದಾರೆ. ಶಾಲೆಯಲ್ಲಿನ ಯಾವುದೋ ಸಂಗತಿ ಮಗುವಿನಲ್ಲಿ ದಿಗಿಲು ಹುಟ್ಟಿಸುವುದು. ಹತ್ತು ಜನರೆದುರು ಮಾತನಾಡುವ ಅಥವಾ ಪರೀಕ್ಷೆ ಬರೆಯುವ ಸಂಕೋಚ. ತಾಯಿಯನ್ನು ಅಗಲಿರಲಾರದ ಕಳವಳ. ಮತ್ತು ಮನೆಯಲ್ಲಿ ದೊರೆಯುವ ಸುಖದ ಸೆಳೆತ. ಒಂದೇ ಮಗುವಿನಲ್ಲಿ ಎರಡು ಮೂರು ಕಾರಣಗಳು ಒಟ್ಟಿಗೆ ಇರಬಹುದು. ಇವುಗಳ ಜೊತೆಗೆ ವಲಸೆ ಬಂದ ನಮ್ಮ ಸಂಸಾರಗಳಿಗೆ ವಿಶಿಷ್ಟವಾದ ಕೆಲವು ತೊಡಕುಗಳನ್ನೂ ಗಮನಿಸತಕ್ಕದ್ದು.

ಮೊದಲನೆಯದು ಭಾಷೆ. ಮನೆಯಲ್ಲಿ ತುಳುವೋ ಕುಂದಾಪುರದ ಕನ್ನಡವೋ, ಚಾಳಿನಲ್ಲಿ ಮರಾಠಿ, ಬೀದಿಯಲ್ಲಿ ಹಿಂದಿ, ತರಗತಿಯಲ್ಲಿ ಇಂಗ್ಲಿಷು. ಆರು ವರ್ಷದ ಕೂಸು ನಾಲ್ಕು ನುಡಿಗಳನ್ನು ಒಟ್ಟಿಗೆ ಹೊತ್ತು ನಡೆಯಬೇಕು. ಹೆಚ್ಚಿನ ಮಕ್ಕಳು ಇದನ್ನು ಆಟದಂತೆ ಕಲಿತುಬಿಡುತ್ತಾರೆ. ಆದರೆ ಸ್ವಭಾವತಃ ಅಂಜುವ ಮಗು, ಒಮ್ಮೆ ತಪ್ಪು ಮಾತನಾಡಿ ತರಗತಿಯೆಲ್ಲ ನಕ್ಕರೆ, ಮತ್ತೆ ಬಾಯಿ ತೆರೆಯಲು ಹೆದರುತ್ತದೆ.

ಎರಡನೆಯದು ತಂದೆಯ ದುಡಿಮೆಯ ಹೊತ್ತು. ಹೋಟೆಲಿನ ಒಲೆ ಹೊತ್ತಿಸುವವನು ಮಗು ಏಳುವ ಮೊದಲೇ ಮನೆ ಬಿಡುತ್ತಾನೆ. ಗಲ್ಲೆ ಮುಚ್ಚಿ ಕಡೆಯ ಗಾಡಿ ಹಿಡಿದು ಬರುವವನು ಮಗು ಮಲಗಿದ ಮೇಲೆ ಬರುತ್ತಾನೆ. ಡೊಂಬಿವಲಿಯಿಂದ ಕೋಟೆಯ ಆಫೀಸಿಗೆ ನಿತ್ಯ ಲೋಕಲ್ ಗಾಡಿಯಲ್ಲಿ ನೇತಾಡುವ ಗುಮಾಸ್ತನ ಸ್ಥಿತಿಯೂ ಇದಕ್ಕಿಂತ ಬಹಳ ಮೇಲಲ್ಲ. ಬೆಳಗಿನ ಹೋರಾಟವೆಲ್ಲ ತಾಯಿಯೊಬ್ಬಳ ಪಾಲಿಗೆ ಬರುತ್ತದೆ. ಊರಿನಲ್ಲಿದ್ದಿದ್ದರೆ ಅಜ್ಜಿ, ಅತ್ತೆ, ಚಿಕ್ಕಮ್ಮ ಇದ್ದು ಮಗುವನ್ನು ಮಾತಿನಲ್ಲಿ ಮರೆಸಿ ಕರೆದೊಯ್ಯುತ್ತಿದ್ದರು.

ಮೂರನೆಯದು ಬಿಡಾರದ ಬದಲಾವಣೆ. ಬಾಡಿಗೆ ಏರಿದಂತೆ ಸಂಸಾರ ಥಾಣೆಯಿಂದ ಡೊಂಬಿವಲಿಗೆ, ಅಲ್ಲಿಂದ ಕಲ್ಯಾಣದ ಆಚೆಗೆ ಸರಿಯುತ್ತದೆ. ಪ್ರತಿ ಸಲವೂ ಮಗು ಗೆಳೆಯರನ್ನು ಕಳೆದುಕೊಳ್ಳುತ್ತದೆ. ಇದರ ಮೇಲೆ ಶುಲ್ಕ ಕಟ್ಟಲು ತಡವಾದಾಗ ತರಗತಿಯಲ್ಲಿ ಎದ್ದು ನಿಲ್ಲಿಸುವ ಅವಮಾನ, ಬಲಿಷ್ಠ ಹುಡುಗರ ಪೀಡನೆ, ಶಾಲೆಯ ಶೌಚಾಲಯಕ್ಕೆ ಹೋಗಲು ಹೆದರಿಕೆ, ಮನೆಯಲ್ಲಿ ಯಾರಿಗಾದರೂ ಕಾಯಿಲೆ, ಸಾವು, ಕುಡಿತ, ಇವೆಲ್ಲವೂ ಭಯಕ್ಕೆ ಗೊಬ್ಬರವಾಗುತ್ತವೆ. 2020ರ ಮಾರ್ಚಿಯಲ್ಲಿ ಕೋವಿಡ್ ನಿಮಿತ್ತ ಶಾಲೆಗಳು ಮುಚ್ಚಿ, ಸಣ್ಣ ಮಕ್ಕಳು ಸುಮಾರು ಎರಡು ವರ್ಷ ಮನೆಯಲ್ಲಿಯೇ ಉಳಿಯಬೇಕಾಗಿ ಬಂದುದು ಎಷ್ಟೋ ಮಕ್ಕಳ ಅಭ್ಯಾಸವನ್ನು ಕಡಿದುಹಾಕಿತು.

ಭಯ ಬೆಳೆಯುವ ಬಗೆ

ಈ ಭಯದ ಒಂದು ಗುಣವನ್ನು ನಮ್ಮ ವಾಚಕರು ಸುಲಭವಾಗಿ ಅರಿಯಬಲ್ಲರು. ಊರಿನಿಂದ ಹೊಸದಾಗಿ ಬಂದ ತರುಣನೊಬ್ಬ ಡೊಂಬಿವಲಿಯ ಫ್ಲಾಟ್‌ಫಾರ್ಮಿನಲ್ಲಿ ಬೆಳಗಿನ ಗಾಡಿಗಾಗಿ ನಿಂತಿದ್ದಾನೆನ್ನಿ. ಜನಸಂದಣಿ ಕಂಡು ಅಂಜಿ ಮೊದಲ ಗಾಡಿಯನ್ನು ಬಿಡುತ್ತಾನೆ. ಬಿಟ್ಟ ಕ್ಷಣ ಎದೆ ಹಗುರವಾಗುತ್ತದೆ. ಆದರೆ ಎರಡನೆಯ ಗಾಡಿ ಬಂದಾಗ ಅಂಜಿಕೆ ಇಮ್ಮಡಿಯಾಗಿರುತ್ತದೆ. ಬಿಟ್ಟ ಒಂದೊಂದು ಗಾಡಿಯೂ ಮುಂದಿನ ಗಾಡಿಯನ್ನು ಇನ್ನಷ್ಟು ಭಯಂಕರವಾಗಿ ತೋರಿಸುತ್ತದೆ. ಕೊನೆಗೆ ಅವನು ಏರುವುದು ಹೇಗೆ? ಯಾರಾದರೂ ಅನುಭವಸ್ಥರು ಜನ ಕಡಮೆಯಿರುವ ಹೊತ್ತಿನಲ್ಲಿ ಜೊತೆಗಿದ್ದು ಹತ್ತಿಸಿ, ನಾಲ್ಕು ದಿನ ರೂಢಿ ಮಾಡಿಸಿದರೆ.

ಶಾಲೆಯ ವಿಷಯವೂ ಹಾಗೆಯೇ. ಮನೆಯಲ್ಲಿ ಉಳಿದ ದಿನ ಮಗುವಿಗೆ ದೊರೆಯುವ ನೆಮ್ಮದಿಯೇ ಮರುದಿನದ ಭಯವನ್ನು ಸಾಕುತ್ತದೆ. ಅತ್ತ ಪಾಠ ಹಿಂದೆ ಬೀಳುತ್ತದೆ, 'ಎಲ್ಲಿ ಹೋಗಿದ್ದೆ?' ಎಂದು ಗೆಳೆಯರು ಕೇಳುವರೆಂಬ ಲಜ್ಜೆಯೂ ಸೇರಿಕೊಳ್ಳುತ್ತದೆ. ಆದುದರಿಂದ, ತಾನಾಗಿ ಸರಿಹೋಗಲೆಂದು ತಿಂಗಳುಗಟ್ಟಲೆ ಕಾಯುವುದು ಅಪಾಯಕರ. ಎರಡು ವಾರಗಳ ತೊಂದರೆಯನ್ನು ಬಿಡಿಸುವುದಕ್ಕಿಂತ ಎರಡು ತಿಂಗಳ ತೊಂದರೆಯನ್ನು ಬಿಡಿಸುವುದು ಬಹಳ ಕಷ್ಟ.

ಮಾಡಬಾರದ ಕೆಲಸಗಳು

ದಂಡಂ ದಶಗುಣಂ ಎಂಬ ಮಾತನ್ನು ಇಲ್ಲಿ ಮರೆಯುವುದೇ ಲೇಸು. ಹೊಡೆತದಿಂದ ಮಗು ಒಂದು ದಿನ ಶಾಲೆ ತಲುಪಬಹುದು. ಆದರೆ ಶಾಲೆಯಲ್ಲೊಂದು ಭಯ, ಮನೆಯಲ್ಲೊಂದು ಭಯ ಎಂದಾಗ ಅದಕ್ಕೆ ಆಸರೆ ಎಲ್ಲಿ? ಅಣ್ಣನೊಡನೆ, ಪಕ್ಕದ ಮನೆಯ ಹುಡುಗಿಯೊಡನೆ ಹೋಲಿಸಿ ಹಂಗಿಸುವುದೂ ಹೊಡೆತದ ಇನ್ನೊಂದು ರೂಪವೇ. ಮಗುವನ್ನು ತರಗತಿಯಲ್ಲಿ ಕೂಡಿಸಿ ಅದಕ್ಕೆ ಕಾಣದಂತೆ ನುಸುಳಿ ಬರುವುದೂ ತಪ್ಪು. ತಾಯಿ ಯಾವ ಕ್ಷಣಕ್ಕೂ ಮಾಯವಾಗಬಲ್ಲಳೆಂಬುದನ್ನೇ ಮಗು ಅದರಿಂದ ಕಲಿಯುತ್ತದೆ.

ನಮ್ಮಲ್ಲಿ ರೂಢಿಯಾದ ಇನ್ನೊಂದು ಉಪಾಯವಿದೆ: ಊರಿಗೆ ಕಳುಹಿಸಿಬಿಡುವುದು. ಉಡುಪಿಯಲ್ಲಿ ಅಜ್ಜಿಯ ಮನೆಯಲ್ಲಿದ್ದು ಅಲ್ಲಿಯ ಶಾಲೆಗೆ ಹೋಗಲೆಂಬ ವಿಚಾರ ಕೆಲವು ಮಕ್ಕಳಿಗೆ ಒಪ್ಪಬಹುದು. ಆದರೆ ತಾಯಿಯಿಂದ ಅಗಲಲಾರದುದೇ ಮಗುವಿನ ಮೂಲ ಕಳವಳವಾಗಿದ್ದರೆ, ಇದರಿಂದ ಬೇನೆಗೆ ಬೇನೆಯನ್ನೇ ಔಷಧವಾಗಿ ಕೊಟ್ಟಂತಾಗುತ್ತದೆ. ಕಾರಣವೇನೆಂದು ತಿಳಿಯದೆ, ಸಿಟ್ಟಿನ ಭರದಲ್ಲಿ ಬಸ್ಸಿನ ಟಿಕೇಟು ತೆಗೆಯಬಾರದು. ದೈವದೇವರಿಗೆ ಹರಕೆ ಹೊರುವುದು ಅವರವರ ಶ್ರದ್ಧೆ. ಅದರ ಜೊತೆಗೆ ವೈದ್ಯರ ಬಾಗಿಲನ್ನೂ ತಟ್ಟಬೇಕೆಂಬುದಷ್ಟೇ ನಮ್ಮ ವಿನಂತಿ.

ಮಾಡತಕ್ಕ ಕೆಲಸಗಳು

ಪ್ರಥಮತಃ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಿ, ದೇಹದ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕಣ್ಣು ಕಿವಿಗಳನ್ನೂ ಪರೀಕ್ಷಿಸಬೇಕು. ಹಲಗೆಯ ಮೇಲಿನ ಬರಹ ಕಾಣದ ಮಗುವೂ ಶಾಲೆಗೆ ಅಂಜುತ್ತದೆ. ಅಕ್ಷರ ಕೂಡಿಸಿ ಓದುವುದರಲ್ಲಿಯೇ ಹುಟ್ಟಿನಿಂದ ತೊಡಕಿರುವ ಮಕ್ಕಳುಂಟು. ಅಂಥವರಿಗೆ ಸರಕಾರಿ ಆಸ್ಪತ್ರೆಯ ಪ್ರಮಾಣಪತ್ರದ ಮೇಲೆ ಮಹಾರಾಷ್ಟ್ರದ ಪರೀಕ್ಷೆಗಳಲ್ಲಿ ರಿಯಾಯಿತಿಗಳಿವೆ.

ಎರಡನೆಯದಾಗಿ, ಕೇಳಬೇಕು. ಬೆಳಗಿನ ಗಡಿಬಿಡಿಯಲ್ಲಿ ಕೇಳುವುದು ಬೇಡ. ಸಂಜೆ, ಮನಸ್ಸು ಶಾಂತವಾಗಿರುವಾಗ ಕೇಳಬೇಕು. 'ಏಕೆ ಹೋಗುವುದಿಲ್ಲ?' ಎಂದು ಕೇಳಿದರೆ ಮಗು ಉತ್ತರಿಸಲಾರದು. ಅದಕ್ಕೇ ಕಾರಣ ತಿಳಿಯದು. 'ಯಾವ ಪಿರಿಯಡು ಕಷ್ಟ? ಬಿಡುವಿನಲ್ಲಿ ಯಾರ ಜೊತೆ ತಿನ್ನುತ್ತೀ? ರಿಕ್ಷಾದಲ್ಲಿ ಯಾರಾದರೂ ಏನಾದರೂ ಅನ್ನುತ್ತಾರೆಯೇ?' ಎಂಬ ಸಣ್ಣ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ. ಯಾರಾದರೂ ಮೈಮುಟ್ಟಿ ಪೀಡಿಸುತ್ತಿರುವ ಸುಳಿವು ಸಿಕ್ಕರೆ ಒಂದು ದಿನವೂ ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು.

ಮೂರನೆಯದಾಗಿ, ಮನೆಯಲ್ಲಿ ಉಳಿದ ದಿನವನ್ನು ಹಬ್ಬವಾಗಿಸಬಾರದು. ಶಾಲೆಯ ಹೊತ್ತಿನಲ್ಲಿ ಟೀವಿ, ಮೊಬೈಲು, ಆಟ ಇರಕೂಡದು. ಪುಸ್ತಕವೋ ಮನೆಯ ಸಣ್ಣ ಕೆಲಸವೋ ಇರಲಿ. ಗದರಿಸದೆ, ಮುದ್ದಿಸದೆ, ಶಾಂತವಾಗಿ ಈ ನಿಯಮವನ್ನು ಪಾಲಿಸಬೇಕು. ರಾತ್ರಿ ನಿದ್ದೆ ಸಾಕಷ್ಟಾಗಬೇಕು. ಒಂದೇ ಕೋಣೆಯ ಬಿಡಾರದಲ್ಲಿ ತಂದೆ ಮಧ್ಯರಾತ್ರಿ ಬಂದು ದೀಪ ಹಚ್ಚಿ ಉಣ್ಣುವಾಗ ಇದು ಸುಲಭವಲ್ಲವೆಂಬುದು ನಿಜ. ಆದರೂ ಪ್ರಯತ್ನ ಅಗತ್ಯ. ಸಣ್ಣ ಮಕ್ಕಳ ನಿದ್ದೆಯನ್ನು ಲಕ್ಷಿಸಿಯೇ ಮಹಾರಾಷ್ಟ್ರ ಸರಕಾರವು 2024ರ ಫೆಬ್ರವರಿಯಲ್ಲಿ, ನಾಲ್ಕನೆಯ ತರಗತಿಯವರೆಗಿನ ಶಾಲೆಗಳು ಬೆಳಿಗ್ಗೆ 9 ಗಂಟೆಗೆ ಅಥವಾ ಅನಂತರ ಆರಂಭವಾಗಬೇಕೆಂದು ಆದೇಶ ಹೊರಡಿಸಿತು.

ನಾಲ್ಕನೆಯದು ಮುಖ್ಯವಾದದ್ದು: ಮೆಟ್ಟಿಲು ಮೆಟ್ಟಿಲಾಗಿ ಮರಳಿಸುವುದು. ಕೆಲವೇ ದಿನ ತಪ್ಪಿಸಿದ ಮಗುವನ್ನು ಬೇಗನೆ ಪೂರ್ತಿ ಶಾಲೆಗೆ ಮರಳಿಸಬಹುದು. ವಾರಗಟ್ಟಲೆ ದೂರ ಉಳಿದ ಮಗುವಿಗೆ ಏಣಿ ಬೇಕು. ಮೊದಲೆರಡು ದಿನ ಸಮವಸ್ತ್ರ ತೊಟ್ಟು ಶಾಲೆಯ ಗೇಟಿನವರೆಗೆ ಹೋಗಿ ಬರುವುದು; ಬಳಿಕ ಒಂದು ಗಂಟೆ ಶಾಲೆಯ ವಾಚನಾಲಯದಲ್ಲಿ ಕೂಡುವುದು; ಬಳಿಕ ಇಷ್ಟವಾದ ಉಪಾಧ್ಯಾಯರ ಒಂದು ಪಾಠ; ಬಳಿಕ ಅರ್ಧ ದಿನ; ಕೊನೆಗೆ ಪೂರ್ಣ ದಿನ. ಒಂದು ಮೆಟ್ಟಿಲು ಗಟ್ಟಿಯಾದ ಮೇಲೆ ಇನ್ನೊಂದು. ಇಳಿಯುವ ಹೊತ್ತನ್ನು ಮೊದಲೇ ಹೇಳಿ, ಆ ಹೊತ್ತಿಗೆ ತಪ್ಪದೆ ಕರೆತರಬೇಕು. ನಡುವೆ ಒಂದು ದಿನ ಜಾರಿದರೆ ಎಲ್ಲ ಮುಗಿಯಿತೆಂದು ಕೈಚೆಲ್ಲಬಾರದು. ಇದಕ್ಕೆ ತರಗತಿಯ ಉಪಾಧ್ಯಾಯರ ಸಹಕಾರ ಬೇಕೇ ಬೇಕು. ಆದುದರಿಂದ ಅವರನ್ನು ಮೊದಲೇ ಕಂಡು, ಮಗು ಬಂದ ದಿನ 'ಇಷ್ಟು ದಿನ ಎಲ್ಲಿದ್ದೆ?' ಎಂದು ಎಲ್ಲರೆದುರು ಕೇಳದಿರುವಂತೆ ವಿನಯದಿಂದ ಪ್ರಾರ್ಥಿಸಿಕೊಳ್ಳಬೇಕು.

ತಂದೆ ಮನೆಯಲ್ಲಿಲ್ಲದಿದ್ದರೂ ಅವನ ಪಾತ್ರ ಸಣ್ಣದಲ್ಲ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಮೇಜುಗಳು ಖಾಲಿಯಾದ ಹೊತ್ತಿನಲ್ಲಿ ಐದು ನಿಮಿಷ ಫೋನು ಮಾಡಿ, ಅಂದು ಮಗು ಏರಿದ ಮೆಟ್ಟಿಲನ್ನು ಕೇಳಿ, ಶಹಬಾಸ್ ಎನ್ನಲಿ. ವಾರದ ರಜೆಯ ದಿನ ಶಾಲೆಯ ದಿನವಾಗಿದ್ದರೆ ತಾನೇ ಮಗುವಿನ ಕೈಹಿಡಿದು ನಡೆಯಲಿ. ರಾತ್ರಿ ಬಂದೊಡನೆ 'ಇವತ್ತೂ ಹೋಗಲಿಲ್ಲವೇ?' ಎಂದು ಹೆಂಡತಿಯ ಮೇಲೆ ಹರಿಹಾಯದಿರಲಿ. ದಿನವಿಡೀ ಒಬ್ಬಳೇ ಹೆಣಗಿದವಳಿಗೆ ಆ ಒಂದು ಪ್ರಶ್ನೆ ಉಳಿದ ಧೈರ್ಯವನ್ನೂ ಕಸಿದುಕೊಳ್ಳುತ್ತದೆ.

ನೆರವು ಎಲ್ಲಿ ದೊರೆಯುತ್ತದೆ?

ಇಷ್ಟರಿಂದಲೂ ಹಾದಿ ಕಾಣದಿದ್ದರೆ ಮನೋವೈದ್ಯರನ್ನೋ ಮಕ್ಕಳ ಸಲಹೆಗಾರರನ್ನೋ ಕಾಣಬೇಕು. 'ಮಗುವಿಗೆ ಹುಚ್ಚೆಂಬ ಹೆಸರು ಬಂದೀತು' ಎಂಬ ಹಿಂಜರಿಕೆಯನ್ನು ಬಿಡತಕ್ಕದ್ದು. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 13ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 7ಕ್ಕೂ ಹೆಚ್ಚು ಜನರಿಗೆ ಒಂದಿಲ್ಲೊಂದು ಮಾನಸಿಕ ತೊಂದರೆಯಿದೆ. ಶಾಲಾಭೀತಿಗೆ ಮೊದಲ ಚಿಕಿತ್ಸೆ ಮಾತು ಮತ್ತು ಅಭ್ಯಾಸ: ಮಗುವಿನ ಅಂಜಿಕೆಯ ಆಲೋಚನೆಗಳನ್ನು ತಿದ್ದುವುದು, ಮೆಟ್ಟಿಲುಗಳನ್ನು ಏರಿಸುವುದು, ತಾಯಿತಂದೆಗಳಿಗೆ ದಾರಿ ತೋರಿಸುವುದು. ಔಷಧಿ ಬೇಕಾಗುವುದು ಕೆಲವರಿಗೆ ಮಾತ್ರ. ಆದರೆ ಮಗು ಊಟ ಬಿಟ್ಟರೆ, ಮಾತು ಬಿಟ್ಟರೆ, ಸಾಯುವ ಮಾತನ್ನಾಡಿದರೆ, ತನಗೆ ತಾನೇ ಗಾಯ ಮಾಡಿಕೊಂಡರೆ, ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಮಕ್ಕಳ ಮನಸ್ಸಿನ ಚಿಕಿತ್ಸೆಯಲ್ಲಿ ಮುಂಬಯಿ ನಗರ ದೇಶಕ್ಕೇ ಹಾದಿ ತೋರಿದ್ದು. ಮಕ್ಕಳಿಗಾಗಿ ಭಾರತದ ಮೊದಲ ಮಾರ್ಗದರ್ಶನ ಚಿಕಿತ್ಸಾಲಯ 1937ರಲ್ಲಿ ಇಲ್ಲಿಯೇ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಪೂರ್ವರೂಪವಾದ ಸರ್ ದೊರಾಬ್ಜಿ ಟಾಟಾ ಶಾಲೆಯಲ್ಲಿ ಆರಂಭವಾಯಿತು. ಥಾಣೆಯಲ್ಲಿ 1901ರಲ್ಲಿ ಸ್ಥಾಪನೆಯಾದ ಸರಕಾರಿ ಪ್ರಾದೇಶಿಕ ಮನೋರೋಗ ಆಸ್ಪತ್ರೆಯಿದೆ. ಅದೇ ನಗರದಲ್ಲಿ ಡಾ. ಆನಂದ ನಾಡಕರ್ಣಿಯವರು 1990ರಲ್ಲಿ ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್ ಸಂಸ್ಥೆ ಮನೋಸ್ವಾಸ್ಥ್ಯದ ಕೆಲಸ ಮಾಡುತ್ತಿದೆ. ಕಳ್ವಾದಲ್ಲಿ ಥಾಣೆ ಮಹಾನಗರಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ, ಸಯಾನಿನಲ್ಲಿ ಲೋಕಮಾನ್ಯ ತಿಲಕ ಆಸ್ಪತ್ರೆ, ಇವು ವೈದ್ಯಕೀಯ ಕಾಲೇಜುಗಳಿಗೆ ಸೇರಿದವು. ಅಲ್ಪ ವೆಚ್ಚದಲ್ಲಿ ಮನೋವೈದ್ಯರನ್ನು ಕಾಣಬಹುದು.

ಇನ್ನು ನಮ್ಮ ತಾಯಂದಿರಿಗೆ ಇರುವ ದೊಡ್ಡ ಅಡ್ಡಿ ಭಾಷೆ. ಒಡಲ ಸಂಕಟವನ್ನು ಹರಕು ಹಿಂದಿಯಲ್ಲಿ ಹೇಳುವುದು ಹೇಗೆ? ಇದಕ್ಕೊಂದು ದಾರಿಯಿದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲಿರುಳೂ, ಯಾವ ಖರ್ಚೂ ಇಲ್ಲದೆ, ಅನೇಕ ಭಾರತೀಯ ಭಾಷೆಗಳಲ್ಲಿ ಸಲಹೆ ದೊರೆಯುತ್ತದೆ. ಆ ಭಾಷೆಗಳಲ್ಲಿ ಕನ್ನಡವೂ ಒಂದು. ರಾತ್ರಿ ಪಾಳಿ ಮುಗಿಸಿದ ತಂದೆಯೂ ಕೇಳಬಹುದು, ಮಧ್ಯಾಹ್ನ ಒಬ್ಬಳೇ ಇರುವ ತಾಯಿಯೂ ಕೇಳಬಹುದು.

ಕಾನೂನಿನ ಬಲವೂ ಇದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ, ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ದೈಹಿಕ ಶಿಕ್ಷೆ ಹಾಗೂ ಮಾನಸಿಕ ಹಿಂಸೆ ಕೊಡುವುದನ್ನು ನಿಷೇಧಿಸುತ್ತದೆ. ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕಕೂಡದೆಂದೂ ಹೇಳುತ್ತದೆ. 2014ರ ಸುಪ್ರೀಂ ಕೋರ್ಟಿನ ತೀರ್ಪಿನ ಪ್ರಕಾರ ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸುವುದಿಲ್ಲವೆಂಬುದನ್ನು ನೆನಪಿಡಬೇಕು. ಆದರೆ ಅದೇ ನ್ಯಾಯಾಲಯ 2025ರ ಜುಲೈಯಲ್ಲಿ, ವಿದ್ಯಾರ್ಥಿಗಳ ಮನಃಸ್ವಾಸ್ಥ್ಯದ ಬಗ್ಗೆ ಮಾರ್ಗಸೂಚಿಗಳನ್ನು ವಿಧಿಸಿ, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಗಳು ಅರ್ಹ ಸಲಹೆಗಾರರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ನೇಮಿಸಬೇಕೆಂದು ಹೇಳಿದೆ. 'ನಿಮ್ಮಲ್ಲಿ ಸಲಹೆಗಾರರು ಯಾರು?' ಎಂದು ಶಾಲೆಯಲ್ಲಿ ಕೇಳುವುದು ಉದ್ಧಟತನವಲ್ಲ; ಪಾಲಕರ ಹಕ್ಕು.

ಸಮಾಜದ ಹೊಣೆ

ಹಗಲೆಲ್ಲ ಕಪ್ಪು ಬಸಿ ತೊಳೆದು, ಇರುಳು ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತು ಅಕ್ಷರ ಕಲಿತ ತಲೆಮಾರುಗಳ ಸಂತತಿ ನಾವು. ಈ ಪ್ರಾಂತದಲ್ಲಿ ಕನ್ನಡಿಗರ ಸಂಘಗಳು ಕಟ್ಟಿದ ವಿದ್ಯಾಸಂಸ್ಥೆಗಳಿಗೆ ಕೊರತೆಯಿಲ್ಲ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ ಅದಕ್ಕೊಂದು ನಿದರ್ಶನ. ಶಾಲೆಗಾಗಿ ನಿದ್ದೆಗೆಟ್ಟವರ ಮನೆಯಲ್ಲಿ ಮಗು ಶಾಲೆಯ ಹೆಸರು ಕೇಳಿ ನಡುಗಿದಾಗ ತಂದೆಗೆ ಸಿಟ್ಟು ಬರುವುದು ಸಹಜ. 'ನಮಗೆ ಸಿಗದ ಭಾಗ್ಯ ನಿನಗೆ ಸಿಕ್ಕಿದೆ, ಅದನ್ನೂ ಒದೆಯುತ್ತೀಯಾ?' ಎಂಬ ಮಾತು ಅವನ ಬಾಯಿಗೆ ಬರುತ್ತದೆ. ಆದರೆ ಆ ಹುಡುಗರಿಗೆ ರಾತ್ರಿಶಾಲೆ ಹೇಗೆ ಒದಗಿತು? ನಾಲ್ಕು ಜನ ಕೂಡಿ ಕೋಣೆ ಹುಡುಕಿದರು, ಧಣಿಗಳು ಎರಡು ಗಂಟೆ ಬಿಡುವು ಕೊಟ್ಟರು, ಉಪಾಧ್ಯಾಯರು ದಣಿವನ್ನು ಮರೆತು ಕಲಿಸಿದರು. ಒಬ್ಬೊಬ್ಬನ ಧೈರ್ಯದಿಂದ ಮಾತ್ರ ಆದ ಕೆಲಸವಲ್ಲ ಅದು.

ಈಗಲೂ ಬೇಕಾದುದು ಅಂತಹುದೇ ಕೂಡುಕೆಲಸ. ನಮ್ಮ ಸಂಘಗಳ ಮಹಿಳಾ ವಿಭಾಗಗಳು ತಿಂಗಳಿಗೊಂದು ಸಂಜೆ ಕನ್ನಡ ಬಲ್ಲ ವೈದ್ಯರನ್ನೋ ಸಲಹೆಗಾರರನ್ನೋ ಕರೆಸಿ, ತಾಯಂದಿರ ಪ್ರಶ್ನೆಗಳಿಗೆ ಉತ್ತರ ಕೊಡಿಸಬಹುದು. ನಿವೃತ್ತ ಉಪಾಧ್ಯಾಯಿನಿಯರು, ಶಾಲೆ ತಪ್ಪಿ ಪಾಠ ಹಿಂದೆ ಬಿದ್ದ ಮಗುವಿಗೆ ವಾರಕ್ಕೆ ಎರಡು ತಾಸು ಕಲಿಸಬಹುದು. ಹೋಟೆಲಿನ ಧಣಿಗಳು ಇಂಥ ಮಗುವಿನ ತಂದೆಗೆ ಎರಡು ವಾರದ ಮಟ್ಟಿಗೆ ಬೆಳಗಿನ ಪಾಳಿಯನ್ನು ಬದಲಿಸಿಕೊಟ್ಟರೆ, ಅವರಿಗಾಗುವ ನಷ್ಟ ಅಲ್ಪ. ಒಂದು ಮಗುವಿನ ವರ್ಷ ಉಳಿಯುತ್ತದೆ. ಚಾಳಿನ ನೆರೆಯವರು ಇನ್ನೂ ಸುಲಭವಾದ ಕೆಲಸ ಮಾಡಬಹುದು: ಮಗುವನ್ನು ಕಂಡಾಗಲೆಲ್ಲ 'ಇವತ್ತು ಶಾಲೆಯಿಲ್ಲವೇ?' ಎಂದು ಕೇಳುವುದನ್ನು ಬಿಟ್ಟು, ಬೆಳಿಗ್ಗೆ ತಮ್ಮ ಮಕ್ಕಳು ಹೊರಡುವಾಗ 'ಬಾ ಮಗಾ, ಒಟ್ಟಿಗೆ ಹೋಗೋಣ' ಎನ್ನಬಹುದು.

ತಕ್ಕ ಸಮಯದಲ್ಲಿ ಗುರುತಿಸಿ ತಾಳ್ಮೆಯಿಂದ ನಡೆಸಿಕೊಂಡರೆ ಇಂಥ ಮಕ್ಕಳಲ್ಲಿ ಹೆಚ್ಚಿನವರು ಶಾಲೆಗೆ ಮರಳುತ್ತಾರೆ, ಓದುತ್ತಾರೆ, ಎಲ್ಲರಂತೆ ಬೆಳೆಯುತ್ತಾರೆ. ಕೆಲವರಿಗೆ ವಾರಗಳು ಸಾಕು, ಕೆಲವರಿಗೆ ತಿಂಗಳುಗಳು ಬೇಕು. ಹಾದಿ ಉದ್ದವಾದಾಗ ತಾಯಿತಂದೆಗಳು ದಣಿಯುವುದು ಸಹಜ. ಆ ದಣಿವಿನಲ್ಲಿ ಅವರಿಗೆ ಬೇಕಾದುದು ಬುದ್ಧಿಮಾತಿಗಿಂತ ಹೆಚ್ಚಾಗಿ ಒಂದು ಆಸರೆಯ ಕೈ. ಅದನ್ನು ನೀಡುವ ಶಕ್ತಿ ನಮ್ಮ ಜನರಿಗಿದೆ.